ಉಂಡ ಜಾಗ

ಅವ್ವನನ್ನು ನೆನೆದರೆ ಮೊದಲು ಕಾಣುವುದು ಅವಳ ಬೆನ್ನು. ಮುಖ ಆಮೇಲೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಅಡಿಗೆಮನೆಯ ನೆಲದ ಮೇಲೆ ಬಗ್ಗಿದ ಬೆನ್ನು, ಕುಪ್ಪಸದ ಕೆಳಗೆ ಎದ್ದು ಕಾಣುವ ಮೂಳೆಯ ಗಂಟುಗಳು, ಸಗಣಿನೀರಿನಲ್ಲಿ ಅದ್ದಿದ ಬಲಗೈ ನೆಲದ ಮೇಲೆ ಅರ್ಧಚಂದ್ರದ ಹಾಗೆ ಹೋಗಿ ಬರುವುದು. ಕೈ ಹೋದಲ್ಲೆಲ್ಲ ಹಸಿ ಗೆರೆಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ನಡುವೆ ಕೈ ನಿಲ್ಲುತ್ತಿತ್ತು. ಎಡಗೈ ಎದೆಗೆ ಹೋಗುತ್ತಿತ್ತು. ಅವಳು ಏನನ್ನೋ ನುಂಗಿ, ಕಣ್ಣು ಮುಚ್ಚಿ, ಮತ್ತೆ ಬಳಿಯುತ್ತಿದ್ದಳು. ಇದು ನನಗೆ ಸ್ಪಷ್ಟವಾಗಿ ನೆನಪಿದೆ ಎಂದು ಬಹಳ ವರ್ಷ ನಂಬಿದ್ದೆ. ಈಗ ಬರೆಯಲು ಕೂತಾಗ ಅನುಮಾನ ಬರುತ್ತದೆ. ನಾನು ನೋಡುತ್ತಿದ್ದದ್ದು ಹಿಂದಿನಿಂದ. ಹಿಂದೆ ಕೂತವಳಿಗೆ ಮುಚ್ಚಿದ ಕಣ್ಣು ಹೇಗೆ ಕಾಣಿಸಿತು? ಕಣ್ಣನ್ನು ನಾನೇ ಆಮೇಲೆ ಬರೆದುಕೊಂಡಿರಬೇಕು. ಬೆನ್ನು ಮಾತ್ರ ನಿಜ. ಆದ್ದರಿಂದ ಬೆನ್ನಿನಿಂದಲೇ ಶುರುಮಾಡುತ್ತೇನೆ.

ನಮ್ಮ ಊರು ಶಿಕಾರಿಪುರ ತಾಲ್ಲೂಕಿನದು, ತಾಳಗುಂದಕ್ಕೆ ನಡೆದೇ ಹೋಗಬಹುದಾದಷ್ಟು ಹತ್ತಿರ. ಮಣ್ಣಿನ ಗೋಡೆಯ, ನಾಡಹಂಚಿನ ಮನೆ. ಪಡಸಾಲೆ, ನಡುಮನೆ, ಅಡಿಗೆಮನೆ, ಕೊಟ್ಟಿಗೆ ಎಲ್ಲವೂ ಒಂದೇ ಸಾಲಿನಲ್ಲಿ, ಬಾಗಿಲಿಗೆ ಬಾಗಿಲು ಎದುರಾಗಿ ಇದ್ದವು. ಮುಂದಿನ ಹೊಸ್ತಿಲಲ್ಲಿ ನಿಂತರೆ ಕೊಟ್ಟಿಗೆಯ ಹಿಂದಿನ ಬೆಳಕು ಕಾಣುತ್ತಿತ್ತು. ಗಡಿಯಾರ ಇರಲಿಲ್ಲ. ಹೊತ್ತು ಗೊತ್ತಾಗುತ್ತಿದ್ದದ್ದು ಯಾರು ಉಣ್ಣುತ್ತಿದ್ದಾರೆ ಎಂಬುದರಿಂದ. ಅಣ್ಣ ಉಣ್ಣುತ್ತಿದ್ದರೆ ಶಾಲೆಯ ಮಧ್ಯಾಹ್ನದ ಬಿಡುವು. ನಡುಮನೆಯಲ್ಲಿ ಅಪ್ಪನ ಗಂಗಾಳದ ಸದ್ದು ಕೇಳಿದರೆ ಹೊಲದಿಂದ ಎತ್ತು ಬಂದಿವೆ ಎಂದು. ಅಪ್ಪನ ನಂತರ ಅಜ್ಜಿ ಉಣ್ಣುತ್ತಿದ್ದಳು. ಅಪ್ಪನ ತಾಯಿ ಅವಳು, ಗಂಡ ಹೋದ ಮೇಲೆ ದಿನಕ್ಕೆ ಒಂದೇ ಊಟ ಎಂದು ಇಟ್ಟುಕೊಂಡಿದ್ದಳು. ಕೊಟ್ಟಿಗೆಯ ಹಿಂಬಾಗಿಲಿನಿಂದ ಬಿಸಿಲು ಓರೆಯಾಗಿ ಅಡಿಗೆಮನೆಯ ತನಕ ಬಂದು ಒಲೆಯ ಬೂದಿಯ ಮೇಲೆ ಬಿದ್ದರೆ ಅದು ಅವ್ವ ಉಣ್ಣುವ ಹೊತ್ತು.

ಅಷ್ಟು ಹೊತ್ತಿಗೆ ಉಳಿದಿರುತ್ತಿದ್ದದ್ದು ಪಾತ್ರೆಯ ತಳ. ನಮ್ಮ ಕಡೆ ಜೋಳದ ರೊಟ್ಟಿ, ಬೆಳ್ಳುಳ್ಳಿ ಹಾಕಿ ಕಲ್ಲಿನಲ್ಲಿ ಅರೆದ ಕೆಂಪು ಖಾರ, ಎಣ್ಣೆ ತೇಲುವ ಬದನೆಕಾಯಿ, ಹುಣಸೆಹಣ್ಣು ಗಟ್ಟಿಯಾಗಿ ಹಿಂಡಿದ ಸಾರು. ಮೇಲಿನ ತಿಳಿ ಮೊದಲು ಉಂಡವರಿಗೆ, ತಳದ ಗಸಿ ಕೊನೆಗೆ ಉಂಡವಳಿಗೆ. ಬೆಳಗಿನಿಂದ ಬರಿಹೊಟ್ಟೆಯಲ್ಲಿದ್ದವಳು ಆ ಖಾರದ ಗಸಿಗೆ ಒಣಗಿದ ರೊಟ್ಟಿ ಮುರಿದು ಹಾಕಿಕೊಂಡು ಬೇಗ ಬೇಗ, ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಉಂಡು ಎದ್ದ ಕೂಡಲೇ ಉಂಡ ಜಾಗ ಬಳಿಯಬೇಕು. ಎಂಜಲು ಬಿದ್ದ ನೆಲವನ್ನು ಹಾಗೇ ಬಿಟ್ಟು ಕೂತರೆ ಮನೆಗೆ ಒಳ್ಳೆಯದಲ್ಲ ಎಂಬುದು ಅಜ್ಜಿಗೆ ಅವಳ ಅತ್ತೆಯಿಂದ ಬಂದದ್ದು. ನಾನು ಬಳಿಯುತ್ತೇನೆಂದರೆ ಅಜ್ಜಿ ಬಿಡುತ್ತಿರಲಿಲ್ಲ.

“ನಿನ್ನ ಅಂಗೈ ಸಣ್ಣದು. ಕೋಳಿ ಕೆದರಿದಂಗೆ ಆಗ್ತೈತಿ. ನಿಮ್ಮವ್ವ ಬಳೀಲಿ, ಅಕಿ ಕೈ ಚೆಂದ.”

ಅಕಿ ಕೈ ಚೆಂದ. ಅಜ್ಜಿ ಅವ್ವನ ಬಗ್ಗೆ ಆಡಿದ ಹೊಗಳಿಕೆಯ ಮಾತು ಎಂದರೆ ಅದೊಂದೇ ನನಗೆ ನೆನಪು.

ಅವ್ವ ಸೊರಬದವಳು. ಮೆತ್ತಗಿನ ಅನ್ನ ಉಂಡು ಬೆಳೆದ ಊರಿನಿಂದ ರೊಟ್ಟಿಯ ಊರಿಗೆ ಬಂದವಳು. ರೊಟ್ಟಿ ತಟ್ಟುವುದನ್ನು ಅಜ್ಜಿ ಕಲಿಸಿದಳು, ಅವ್ವ ಅಜ್ಜಿಗಿಂತ ಚೆನ್ನಾಗಿ ಕಲಿತಳು. ಆದರೆ ಉಂಡದ್ದು ಒಳಗೆ ನಿಲ್ಲುತ್ತಿರಲಿಲ್ಲ. ಎದೆಯ ನಟ್ಟನಡುವೆ ಉರಿ, ಗಂಟಲಿಗೆ ಹುಳಿನೀರು, ಗಂಟೆಗಟ್ಟಲೆ ತೇಗು. ಇದು ಯಾವಾಗ ಶುರುವಾಯಿತೋ ನನಗೆ ಗೊತ್ತಿಲ್ಲ. ನಾನು ಹುಟ್ಟುವ ಮೊದಲೇ ಇದ್ದಿರಬಹುದು. ನನಗೆ ಅದು ಅವಳ ಉಸಿರಿನ ವಾಸನೆ, ಅಷ್ಟೆ. ಬೇರೆ ಮಕ್ಕಳ ಅವ್ವಂದಿರ ಬಾಯಿಂದ ಹುಳಿ ವಾಸನೆ ಬರುವುದಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಅಪ್ಪ ತಮಾಷೆ ಮಾಡುತ್ತಿದ್ದ.

“ಎವ್ವಾ, ಹಾಲಿನ ಗಡಿಗಿ ಮುಚ್ಚು. ನಿನ್ನ ಸೊಸಿ ತೇಗಾಕತ್ತಾಳ, ಒಡದು ಹೋದೀತು.”

ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ನಗುವಾಗಲೂ ಮೇಲೆ ಬರುತ್ತಿತ್ತೋ ಏನೋ, ಸೆರಗನ್ನು ಬಹಳ ಹೊತ್ತು ತೆಗೆಯುತ್ತಿರಲಿಲ್ಲ.

ಅಜ್ಜಿ ಕೆಟ್ಟವಳಾಗಿರಲಿಲ್ಲ. ಈ ವಾಕ್ಯವನ್ನು ಬರೆದು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಕೆಟ್ಟವಳಾಗಿದ್ದರೆ ಈ ಅಧ್ಯಾಯ ಸುಲಭವಾಗುತ್ತಿತ್ತು. ಸೊಸೆಯ ಉರಿಗೆ ಅವಳು ತನ್ನ ಕೈಯಾರೆ ಮದ್ದು ಮಾಡುತ್ತಿದ್ದಳು. ಅವಳ ಲೆಕ್ಕದಲ್ಲಿ ಜಗತ್ತಿನ ತಿನ್ನುವ ವಸ್ತುಗಳೆಲ್ಲ ಎರಡೇ ಪಾಲು, ಉಷ್ಣ ಮತ್ತು ತಂಪು.

“ಉಷ್ಣ ಆಗೇತಿ ಅಕಿಗೆ. ತಣ್ಣನ ಊರಾಗ ಬೆಳೆದ ಮೈ, ನಮ್ಮ ಬಿಸಿಲು ತಡೀತೈತೇನು? ತಂಪು ಬೀಳಬೇಕು, ತಂಪು.”

ತಂಪು ಎಂದರೆ ಹುಳಿಬಂದ ಮಜ್ಜಿಗೆ. ತಂಪು ಎಂದರೆ ನಿಂಬೆಹಣ್ಣಿನ ಪಾನಕ. ಹುಣಸೆಹಣ್ಣು ಕಿವುಚಿ ಬೆಲ್ಲ ಹಾಕಿದ ಪಾನಕ. ಬಿಸಿಲಲ್ಲಿ ದುಡಿದು ಬಂದವನಿಗೆ ಇವು ಹಿತವೇ. ಅವ್ವ ಊಟದ ಮೇಲೆ ಒಂದು ದೊಡ್ಡ ಲೋಟ ಕುಡಿಯಬೇಕು, ಅಜ್ಜಿ ಎದುರು ನಿಂತು ಕುಡಿಸಬೇಕು. ತುಂಬಿದ ಹೊಟ್ಟೆಯ ಮೇಲೆ ಹುಳಿ, ಹುಳಿಯ ಮೇಲೆ ಬಗ್ಗಿ ನೆಲ ಬಳಿಯುವುದು. ಅಜ್ಜಿ ಒಳಗೆ ಹೋದ ಮೇಲೆ ಅವ್ವ ಕೊಟ್ಟಿಗೆಯ ಮೂಲೆಯಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಉರಿ ಹೆಚ್ಚಾದಷ್ಟೂ ತಂಪು ಹೆಚ್ಚಾಯಿತು. ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನ ಒಂದು. ಹಿತ್ತಿಲ ನಿಂಬೆಗಿಡದಲ್ಲಿ ಆ ವರ್ಷ ನಮ್ಮ ಯಾರ ಉಪ್ಪಿನಕಾಯಿಗೂ ಹಣ್ಣು ಉಳಿಯಲಿಲ್ಲ.

ಅವಳು ಬಹಳ ಇಳಿದುಹೋದ ಮೇಲೆ ಸುಗ್ಗಿ ಮುಗಿಸಿ ಅಪ್ಪ ಅವಳನ್ನು ತವರಿಗೆ ಕಳಿಸಿದ. ಶಾಲೆಯಿದ್ದ ಅಣ್ಣ ಉಳಿದ, ನಾನು ಜೊತೆಗೆ ಹೋದೆ. ಗಾಡಿಯಲ್ಲಿ ಶಿರಾಳಕೊಪ್ಪದ ತನಕ, ಅಲ್ಲಿಂದ ಬಸ್ಸು. ಸೊರಬದ ಮನೆಯಲ್ಲಿ ಅವ್ವನ ತಾಯಿ, ನಾನು ಅಮ್ಮಮ್ಮ ಎನ್ನುತ್ತಿದ್ದವಳು, ಅಂಗಳದಲ್ಲೇ ಅವಳ ತೋಳು ಹಿಡಿದು ನೋಡಿದಳು.

“ಎಂತದೇ ಗಿರಿಜ ಇದು! ತೋಳೋ, ಕಟ್ಟಿಗೆಯೋ? ಮಾತು ಆಮೇಲೆ ಆಡನ. ಕೂತ್ಕ. ಮೊದ್ಲು ಉಣ್ಣು.”

“ಎಲ್ರದ್ದೂ ಆಗ್ಲಿ ಅಮ್ಮ.”

“ಎಲ್ರು ಅಂದ್ರೆ ಯಾರೇ? ನೀನೇ ಎಲ್ರು ಈಗ. ಕೂತ್ಕ ಅಂದ್ನಲ್ಲ.”

ತವರಿಗೆ ಬಂದ ಮಗಳು ಮಕ್ಕಳ ಸಾಲಿನಲ್ಲಿ ಕೂತು ಉಣ್ಣಬಹುದು. ಅವ್ವ ನನ್ನ ಪಕ್ಕ ಕೂತಳು. ಅವಳು ಉಣ್ಣುವುದನ್ನು ನಾನು ಮುಂದಿನಿಂದ ನೋಡಿದ್ದು ಅಲ್ಲೇ ಮೊದಲು. ತೆಳ್ಳಗಿನ ಗಂಜಿ, ಹೆಸರುಬೇಳೆ, ಹೀರೇಕಾಯಿಯ ಸಪ್ಪೆ ಪಲ್ಯ. ಸ್ವಲ್ಪ ಉಂಡು ಸಾಕೆನ್ನುತ್ತಿದ್ದಳು, ಇನ್ನೊಂದು ಹೊತ್ತಿಗೆ ಮತ್ತೆ ಸ್ವಲ್ಪ. ಉಂಡ ಮೇಲೆ ಇಬ್ಬರೂ ಜಗಲಿಗೆ ಬಂದು ಕೂರುತ್ತಿದ್ದರು. ಅಮ್ಮಮ್ಮ ಅವಳ ತಲೆ ಬಾಚುತ್ತಿದ್ದಳು, ಸಿಕ್ಕು ಬಿಡಿಸುವ ನೆಪದಲ್ಲಿ ಬಿಸಿಲು ಇಳಿಯುವ ತನಕ. ಒಳಗೆ ನೆಲ ಬಳಿಯುವ ಕೈ ಯಾರದೋ, ಅವ್ವನದಂತೂ ಅಲ್ಲ. ನನ್ನ ಬಳಿ ಅವ್ವನ ಮುಖ ಅಂತ ಇದ್ದರೆ ಅದು ಆ ಜಗಲಿಯದು. ಕೂದಲು ಹಿಂದಕ್ಕೆ ಎಳೆದಿದ್ದರಿಂದ ಹುಬ್ಬು ಸ್ವಲ್ಪ ಮೇಲೆದ್ದಿದೆ, ಬಾಯಿಯ ಮೇಲೆ ಸೆರಗಿಲ್ಲ.

ಅಮ್ಮಮ್ಮ ಅವಳನ್ನು ಪೇಟೆಯ ಡಾಕ್ಟರ ಹತ್ತಿರವೂ ಕರೆದೊಯ್ದಳು. ಅವರು ಮೊದಲು ಏನು ತಿನ್ನುತ್ತೀರಿ ಎಂದು ಕೇಳಿದರು, ಅವ್ವ ಹೇಳಿದಳು. ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಎಂದು ಕೇಳಿದರು, ಅವ್ವ ಅಮ್ಮಮ್ಮನ ಮುಖ ನೋಡಿದಳು.

“ಎಲ್ರದ್ದೂ ಆದ್ಮೇಲೆ ಉಣ್ತಾಳೆ, ಮತ್ತೆಂತ,” ಎಂದಳು ಅಮ್ಮಮ್ಮ.

“ನೋಡಮ್ಮ,” ಎಂದರು ಡಾಕ್ಟರು, “ಖಾರ, ಹುಳಿ, ಎಣ್ಣೆಯದು ಬೇಡ. ಆ ಪಾನಕ ಮಜ್ಜಿಗೆ ನಿಲ್ಲಿಸಿ. ಆದರೆ ಅಷ್ಟೇ ಸಾಲದು. ಹಸಿದು ಹಸಿದು ಒಂದೇ ಸಲ ಉಣ್ಣಬಾರದು. ಹೊತ್ತಿಗೆ ಸರಿಯಾಗಿ, ಸ್ವಲ್ಪ ಸ್ವಲ್ಪ. ಉಂಡ ಮೇಲೆ ಬಗ್ಗಬಾರದು. ಬಗ್ಗಿದರೆ ಒಳಗಿನದು ಮೇಲೆ ಬರುತ್ತದೆ. ಕೂತಿರಬೇಕು.”

“ಕೂತ್ಕಂಡು ಎಂತ ಮಾಡ್ಲಿ ಡಾಕ್ಟ್ರೇ?”

“ಏನೂ ಮಾಡಬೇಡಿ.”

ಅವ್ವ ನಕ್ಕಳು. ದಾರಿಯುದ್ದಕ್ಕೂ ನೆನೆಸಿಕೊಂಡು ನಕ್ಕಳು. ಏನೂ ಮಾಡಬೇಡಿ ಅಂತೆ, ಕೇಳಿದ್ಯನಮ್ಮ. ಅವಳಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ.

ಅವಳನ್ನು ಕರೆದೊಯ್ಯಲು ಅಪ್ಪ ಬಂದಾಗ ಅವಳ ಕೆನ್ನೆ ತುಂಬಿತ್ತು. ತೇಗು ನಿಂತಿತ್ತು. ಅಪ್ಪ ಅವಳನ್ನು ನೋಡಿದ ರೀತಿ ನನಗೆ ನಾಚಿಕೆ ತರಿಸಿತು. ಹಾಗೆ ಅವನು ನಮ್ಮ ಮನೆಯಲ್ಲಿ ನೋಡುತ್ತಿರಲಿಲ್ಲ.

“ಏನ್ ಔಷಧ ಕೊಟ್ರಿ ಅತ್ತೆ? ಹೇಳ್ರಿ, ನಾನೂ ತರಿಸ್ತೀನಿ.”

“ಔಷಧ ಎಂತದೂ ಇಲ್ಲ ಅಳಿಯಂದಿರೇ. ಹೊತ್ತಿಗೆ ಸರಿಯಾಗಿ ಒಂದು ತುತ್ತು ಅನ್ನ ಹಾಕಿದೀನಿ, ಅಷ್ಟೇಯ.”

ಮಾತು ಚುಚ್ಚಿತೋ, ಅಥವಾ ಚುಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲವೋ. ಅಪ್ಪ ಎದ್ದು ಬಾವಿಯ ಹತ್ತಿರ ಹೋದ. ಒಂದು ಕೊಡ ಸೇದಿ ಬೊಗಸೆಯಲ್ಲಿ ಕುಡಿದ. ಇನ್ನೊಂದು ಬೊಗಸೆ ಬಾಯಲ್ಲಿ ಇಟ್ಟುಕೊಂಡು ನಿಂತ, ಎತ್ತು ಕೊಳ್ಳುವವನು ಹಲ್ಲು ಹಿಡಿದು ನೋಡುವ ಹಾಗೆ.

“ನೀರು ಹಗುರ ಐತಿ,” ಎಂದ. “ನಮ್ಮದು ಭಾರ. ಇಕಿಗೆ ನಮ್ಮ ನೀರು ಒಗ್ಗಿಲ್ಲ ನೋಡ್ರಿ, ಅದ ಆಗೇತಿ.”

ಬಸ್ಸಿನಲ್ಲಿ ನಾನು ಅವರಿಬ್ಬರ ನಡುವೆ ಕೂತಿದ್ದೆ. ಡಾಕ್ಟರು ಏನಂದರು ಎಂದು ಅಪ್ಪ ಕೇಳಿದ. ಖಾರ, ಹುಳಿ ಬ್ಯಾಡ ಅಂದ್ರು ರೀ, ಎಂದಳು ಅವ್ವ. ಮತ್ತೆ? ಅಷ್ಟೇ. ಉಳಿದದ್ದನ್ನು ಅವಳು ಹೇಳಲಿಲ್ಲ. ಮೊದಲು ಉಣ್ಣಬೇಕು, ಉಂಡ ಮೇಲೆ ಕೂತಿರಬೇಕು ಎಂಬುದನ್ನು ಹೇಗೆ ಹೇಳುವುದು? ಹೇಳಿದ್ದರೆ ಅದು ಔಷಧವಾಗುತ್ತಿರಲಿಲ್ಲ, ದೂರಾಗುತ್ತಿತ್ತು. ಅತ್ತೆಯ ಮೇಲೆ, ಮನೆಯ ಮೇಲೆ, ಹೊಲದಿಂದ ತಡವಾಗಿ ಬರುವ ಗಂಡನ ಮೇಲೆ ದೂರು. ನಾನು ಇದನ್ನು ಅವಳ ಪರವಾಗಿ ಈಗ ಯೋಚಿಸುತ್ತಿದ್ದೇನೆ. ಅವಳು ಬಸ್ಸಿನಲ್ಲಿ ಏನು ಯೋಚಿಸುತ್ತಿದ್ದಳೋ ತಿಳಿಯದು. ಕಿಟಕಿಯಾಚೆ ನೋಡುತ್ತ ನನ್ನ ತಲೆಯ ಮೇಲೆ ಕೈ ಇಟ್ಟಿದ್ದಳು.

ಹಾಗೆ ನಮ್ಮ ಮನೆಗೆ ಸೊರಬದ ನೀರು ಬರತೊಡಗಿತು. ಅಪ್ಪ ತಾಮ್ರದ ಕೊಡದಲ್ಲಿ ತುಂಬಿಸಿ, ಬಾಯಿಗೆ ಒದ್ದೆಬಟ್ಟೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದ. ಅಣ್ಣ ಅದು ಹಿತ್ತಾಳೆಯ ಕೊಡ ಎನ್ನುತ್ತಾನೆ, ಇರಲಿ. ನಮ್ಮೂರಲ್ಲಿ ಗಂಡಸರು ನೀರು ಹೊರುತ್ತಿರಲಿಲ್ಲ. ಬಾವಿಕಟ್ಟೆಗೆ ಬಂದ ಗಂಡಸನ್ನು ಹೆಂಗಸರು ನೋಡಿ ನಗುತ್ತಿದ್ದರು. ಅಪ್ಪ ಶಿರಾಳಕೊಪ್ಪದಿಂದ ಗದ್ದೆಯ ಬದುವಿನ ಮೇಲೆ ಹೆಗಲ ಮೇಲೆ ಕೊಡ ಹೊತ್ತು ನಡೆದು ಬರುತ್ತಿದ್ದ. ಅಂಗಿ ಒಂದು ಕಡೆ ತೊಯ್ದಿರುತ್ತಿತ್ತು.

“ಏನ್ ಗೌಡ್ರೇ, ಹೆಂಡ್ತಿಗೆ ಗಂಗಿ ತಂದ್ರೇನು? ನಮಗೂ ಒಂದೀಟು ತೀರ್ಥ ಹಾಕ್ರಿ!” ಎಂದು ಕಟ್ಟೆಯ ಮೇಲಿದ್ದವರು ಕೂಗಿದರೆ ತಲೆ ತಗ್ಗಿಸಿಕೊಂಡು ನಗುತ್ತಿದ್ದ.

ಆ ನೀರನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿಲ್ಲ. ಅಜ್ಜಿಯೇ ಕಾವಲು. ಅಣ್ಣ ಒಮ್ಮೆ ಕದ್ದು ಕುಡಿದು ಬೆನ್ನಿಗೆ ಗುದ್ದು ತಿಂದ. ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಪಾನಕ ನಿಲ್ಲಿಸಿದಳು, ಸಾರಿಗೆ ಖಾರ ಹುಳಿ ಹಾಕುವ ಮೊದಲು ಒಂದು ಬಟ್ಟಲು ಬರೀ ಬೇಳೆಯನ್ನು ಸೊಸೆಗೆಂದು ತೆಗೆದಿಟ್ಟಳು. ಇಷ್ಟು ಯಾವ ಅತ್ತೆ ಮಾಡುತ್ತಾಳೆ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು, ಸುಳ್ಳಲ್ಲ. ಆ ಬಟ್ಟಲು ಒಲೆಯ ಪಕ್ಕ ಕಾಯುತ್ತಿತ್ತು. ಅಣ್ಣ ಉಂಡ, ಅಪ್ಪ ಬಂದು ಉಂಡ, ಅಜ್ಜಿ ಉಂಡಳು. ಬಿಸಿಲು ಒಲೆಯ ಬೂದಿಗೆ ಬಂತು. ಬೇಳೆಯ ಮೇಲೆ ಕೆನೆಕಟ್ಟಿತ್ತು. ಅವ್ವ ಗಬಗಬನೆ ಉಂಡಳು, ಸೊರಬದ ನೀರು ಕುಡಿದಳು, ಎದ್ದಳು, ಬಗ್ಗಿದಳು.

“ಹೆಂಗೈತಿ ಈಗ?” ಅಪ್ಪ ನಡುಮನೆಯಿಂದ ಕೇಳುತ್ತಿದ್ದ.

“ತಂಪೈತಿ ರೀ,” ಎನ್ನುತ್ತಿದ್ದಳು ನೆಲದ ಕಡೆಗೆ ಮುಖ ಮಾಡಿ.

ಮೊದಮೊದಲು ನಿಜವಾಗಿಯೂ ಸ್ವಲ್ಪ ಕಡಿಮೆಯಾಗಿತ್ತು ಎಂದು ನನಗನ್ನಿಸುತ್ತದೆ. ಖಾರ ಬಿಟ್ಟದ್ದರಿಂದಲೋ, ಅಪ್ಪನ ತೊಯ್ದ ಅಂಗಿಯಿಂದಲೋ. ಆಮೇಲೆ ಸೆರಗು ಮತ್ತೆ ಬಾಯಿಗೆ ಬಂತು. ಅಪ್ಪ ಇನ್ನೂ ಬೇಗ ಬೇಗ ನೀರು ತಂದ.

ಆ ಬೇಸಿಗೆಯಲ್ಲಿ ಸೊರಬದ ಕಡೆಯ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ ಎಂಬ ಸುದ್ದಿ ಬಂತು. ಕ್ಯಾಸನೂರಿನ ಕಡೆ ಮರದಿಂದ ಹಣ್ಣು ಉದುರಿದ ಹಾಗೆ ಉದುರುತ್ತಿವೆಯಂತೆ, ಸೊಪ್ಪಿಗೆ ಸೌದೆಗೆ ಹೋದವರಿಗೆ ಜ್ವರ ಹತ್ತಿ ಏಳುವುದಿಲ್ಲವಂತೆ. ಏನು ಕಾಯಿಲೆ, ಹೇಗೆ ಬರುತ್ತದೆ ಎಂದು ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರೆಲ್ಲ ನೀರಿನಿಂದ ಎಂದರು. ಮಕ್ಕಳನ್ನು ಕಟ್ಟಿಕೊಂಡು ಈಗ ಬರಬೇಡ ಎಂದು ಅಮ್ಮಮ್ಮನೇ ಹೇಳಿಕಳಿಸಿದಳು. ಅಪ್ಪ ಕೊನೆಯ ಕೊಡ ತಂದ ದಿನ ಅಜ್ಜಿ ಹೊಸ್ತಿಲಲ್ಲಿ ನಿಂತಿದ್ದಳು.

“ಒಳಗ ತರಬ್ಯಾಡ. ಮಂಗ ಸತ್ತ ಊರಿನ ನೀರು.”

“ಅದು ಬಾವಿ ನೀರವ್ವ. ಮಂಗ ಬಾವ್ಯಾಗ ಬಿದ್ದು ಸತ್ತಾವೇನು?”

“ನನಗ ಗೊತ್ತಿಲ್ಲಪ್ಪ. ಮಕ್ಕಳದಾವು ಮನ್ಯಾಗ.”

ಅಪ್ಪ ಕೊಡ ಹೊತ್ತುಕೊಂಡೇ ನಿಂತ. ಆಮೇಲೆ ಅವ್ವ ಬಂದು, ಕೊಡವನ್ನು ಅವನ ಹೆಗಲಿಂದ ಇಳಿಸಿಕೊಂಡು, ಹಿತ್ತಿಲಿಗೆ ಹೋಗಿ ನಿಂಬೆಗಿಡದ ಬುಡಕ್ಕೆ ಸುರಿದಳು. ನಿಧಾನವಾಗಿ ಸುರಿದಳು. ನೀರು ಕಪ್ಪು ಮಣ್ಣಿನಲ್ಲಿ ಇಳಿಯುವುದನ್ನು ನಾವೆಲ್ಲ ನೋಡಿದೆವು.

ಮುಂದಿನದನ್ನು ನಾನು ಬೇರೆ ಬೇರೆ ರೀತಿಯಲ್ಲಿ ಬರೆದು ನೋಡಿದ್ದೇನೆ. ಒಂದರಲ್ಲಿ ನಾನೇ ಕೊಟ್ಟಿಗೆಗೆ ಹೋಗಿ ನೋಡುತ್ತೇನೆ, ಇನ್ನೊಂದರಲ್ಲಿ ಅಜ್ಜಿಯ ಹಿಂದೆ ಹೋಗುತ್ತೇನೆ. ಎರಡರಲ್ಲೂ ನಡೆಯುವುದು ಇಷ್ಟೇ. ಅಪ್ಪ ಹೊಲದಿಂದ ಬರುವ ಮೊದಲೇ, ಮಧ್ಯಾಹ್ನ ಇನ್ನೂ ಏರುತ್ತಿರುವಾಗ, ಅವ್ವ ದನಗಳ ಮರೆಯಲ್ಲಿ ನಿಂತು ಬಟ್ಟಲಿನಿಂದ ಮೆತ್ತಗೆ ಬೆಂದ ಅನ್ನ ಉಣ್ಣುತ್ತಿದ್ದಾಳೆ. ನಿಂತೇ. ಬೇಗ ಅಲ್ಲ, ಸೊರಬದಲ್ಲಿ ಉಣ್ಣುತ್ತಿದ್ದ ಹಾಗೆ ಒಂದೊಂದೇ ತುತ್ತು. ಅಜ್ಜಿ ಬಾಗಿಲಲ್ಲಿ. ಅವ್ವನ ಕೈ ಬಾಯಿಗೂ ಬಟ್ಟಲಿಗೂ ನಡುವೆ ನಿಂತಿತು.

“ಹಸಿವಾದ್ರ ಹೇಳಬಾರದೇನವ್ವ?” ಅಜ್ಜಿಯ ದನಿ ಏರಲಿಲ್ಲ. “ಕದ್ದು ಉಣ್ಣೋ ಮನಿ ಏನಿದು? ಊರವರು ಕೇಳಿದ್ರ ನನ್ನ ಮಾರಿಗೆ ಏನಂತಾರ?”

ಅವ್ವ ಅಳಲಿಲ್ಲ. ಮೊದಲ ಸಲ, ಬಹುಶಃ ಒಂದೇ ಸಲ, ಡಾಕ್ಟರ ಮಾತನ್ನು ಪೂರ್ತಿ ಹೇಳಿದಳು. ಹೊತ್ತಿಗೆ ಉಣ್ಣಬೇಕಂತೆ ಅತ್ತೆ. ಉಂಡ ಮೇಲೆ ಬಗ್ಗಬಾರದಂತೆ. ಕೂತಿರಬೇಕಂತೆ. ಅಂತೆ, ಅಂತೆ ಎಂದು ಬೇರೆ ಯಾರದೋ ಕಥೆ ಹೇಳುವ ಹಾಗೆ. ಅಜ್ಜಿ ಕೇಳಿ ಒಳಗೆ ಹೋದಳು.

ಮರುದಿನ ಅಜ್ಜಿ ಅಡಿಗೆಮನೆಯ ನಡುವೆ ಮಣೆ ಹಾಕಿದಳು. ಗಂಗಾಳ ಇಟ್ಟಳು, ಅಪ್ಪನ ಗಂಗಾಳ, ಅದೇ ದೊಡ್ಡದು. ಬಿಸಿ ಅನ್ನ, ಸಪ್ಪೆ ಬೇಳೆ ಬಡಿಸಿದಳು. ಗಂಡ ಸತ್ತ ಮೇಲೆ ಅವಳು ಯಾರಿಗೂ ಕೂತು ಬಡಿಸಿದ್ದನ್ನು ನಾನು ಕಂಡಿರಲಿಲ್ಲ.

“ಕುಂದ್ರು.”

ಅವ್ವ ಕೂತಳು.

“ಉಣ್ಣು.”

ಅವ್ವ ಗಂಗಾಳ ನೋಡಿದಳು. ಕೈ ತೊಳೆದಿದ್ದಳು, ಬೆರಳು ಅನ್ನಕ್ಕೆ ತಾಗಿದವು. ಅಲ್ಲಿಂದ ಮೇಲೇಳಲಿಲ್ಲ.

“ಉಣ್ಣವ್ವ. ನಾನ ಹೇಳಾಕತ್ತೀನಿ.”

“ಅವರು ಬರ್ಲಿ ಅತ್ತೆ.”

“ಅಂವ ಬರೋದು ಹೊತ್ತಾಗ್ತೈತಿ. ನೀ ಉಣ್ಣು.”

“ಆಗಲ್ಲ ಅತ್ತೆ. ಗಂಟಲಿಗೆ ಇಳಿಯಲ್ಲ. ಅವರು ಬಿಸಿಲಾಗದಾರೆ.”

ಕೊಟ್ಟಿಗೆಯಲ್ಲಿ ಕದ್ದು ಇಳಿದ ಅನ್ನ ಮಣೆಯ ಮೇಲೆ ಕೂತರೆ ಇಳಿಯಲಿಲ್ಲ. ಎಲ್ಲರ ನಂತರ ಉಣ್ಣುವುದೇ ಅವಳು ಕಲಿತ ಊಟ. ಅಜ್ಜಿ ಬಹಳ ಹೊತ್ತು ಎದುರು ಕೂತಿದ್ದಳು. ಮೊದಲು ಅವಳ ಮುಖದಲ್ಲಿ ಹಟ ಇತ್ತು, ಆಮೇಲೆ ಅವಮಾನ, ಆಮೇಲೆ ಹೆಸರಿಡಲಾಗದ ಒಂದು. ಅದು ಹೆದರಿಕೆಯಾಗಿತ್ತೆಂದು ಈಗ ನನಗೆ ಅನ್ನಿಸುತ್ತದೆ. ಬಾಗಿಲು ತೆಗೆದುಕೊಟ್ಟರೂ ಹೊರಗೆ ಹೋಗದ ದನವನ್ನು ನೋಡಿದಾಗ ಆಗುವ ಹೆದರಿಕೆ. ಅಪ್ಪ ಬಂದ. ಅವ್ವ ಎದ್ದು ಅದೇ ಗಂಗಾಳವನ್ನು ಖಾಲಿ ಮಾಡಿ, ತೊಳೆದು, ಅವನಿಗೆ ಬಡಿಸಿದಳು. ಅಜ್ಜಿ ಮತ್ತೆ ಮಣೆ ಹಾಕಲಿಲ್ಲ. ಆ ದಿನ ಏನಾಯಿತೆಂದು ಅಪ್ಪನಿಗೆ ಇಬ್ಬರೂ ಹೇಳಲಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಉರಿ ಹೋಯಿತು, ಅದರ ಬದಲು ತುತ್ತು ಎದೆಯಲ್ಲಿ ನಿಲ್ಲತೊಡಗಿತು. ರೊಟ್ಟಿ ಇಳಿಯಲಿಲ್ಲ, ಆಮೇಲೆ ಅನ್ನ ಇಳಿಯಲಿಲ್ಲ, ಕೊನೆಗೆ ಗಂಜಿಯ ತಿಳಿ. ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಅಪ್ಪ ಕರೆದೊಯ್ದ. ಅನ್ನನಾಳ ಒಳಗಿನಿಂದ ಸುಟ್ಟು ಸುಟ್ಟು ಕಿರಿದಾಗಿದೆ, ಗಂಟೂ ಇದೆ, ತಡವಾಯಿತು ಎಂದರು. ಅವ್ವ ಮನೆಗೆ ಬಂದು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಳು. ಮಲಗಲು ಆಗುತ್ತಿರಲಿಲ್ಲ, ಬಗ್ಗಲು ಆಗುತ್ತಿರಲಿಲ್ಲ. ಡಾಕ್ಟರು ಹೇಳಿದ ಹಾಗೆ ಏನೂ ಮಾಡದೆ ಕೂತಿದ್ದಳು. ಅಡಿಗೆಮನೆಯ ನೆಲ ಅಜ್ಜಿ ಬಳಿದಳು. ಗೆರೆಗಳು ಚೆಂದ ಬರಲಿಲ್ಲ. ಮರುವರ್ಷ ಮಳೆ ಹಿಡಿಯುವ ಮೊದಲು ಅವ್ವ ಹೋದಳು.

ಈಗ ನಾನು ಅವಳಿಗಿಂತ ಎಷ್ಟೋ ದೊಡ್ಡವಳು. ನನಗೂ ಅದೇ ಉರಿ ಬಂದಿದೆ. ಮಾತ್ರೆ ಇದೆ, ತಲೆಯ ಕೆಳಗೆ ಎತ್ತರದ ದಿಂಬು ಇದೆ. ಕಾಫಿ, ಬಜ್ಜಿ, ಟೊಮೆಟೊ ಬಿಟ್ಟಿದ್ದೇನೆ, ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುತ್ತೇನೆ. ಏನು ತಿಂದಿರಿ ಎಂದು ಡಾಕ್ಟರು ಕೇಳುತ್ತಾರೆ. ಯಾರ ನಂತರ ತಿಂದಿರಿ ಎಂದು ಯಾರೂ ಕೇಳುವುದಿಲ್ಲ.

ಅವ್ವ ಹೋದ ವರ್ಷ ಅವಳಿಗೆ ಎಡೆ ಇಡುವ ದಿನ ಬಂತು. ಸತ್ತವರು ಇಷ್ಟಪಟ್ಟದ್ದನ್ನು ಮಾಡಿ, ಮುತ್ತುಗದ ಎಲೆಯಲ್ಲಿ ಬಡಿಸಿ, ಅವರದಾದ ಮೇಲೆ ಮನೆಯವರು ಉಣ್ಣುವುದು. ಅಡಿಗೆಗೆ ಬಂದ ನೆಂಟರ ಹೆಂಗಸರು ಅಜ್ಜಿಯನ್ನು ಕೇಳಿದರು.

“ಅಕಿಗೆ ಏನು ಇಷ್ಟ ಇತ್ತವ್ವ?”

ಅಜ್ಜಿ ಅಪ್ಪನ ಮುಖ ನೋಡಿದಳು. ಅಪ್ಪ ಅಣ್ಣನ ಮುಖ ನೋಡಿದ. ಯಾರಿಗೂ ಗೊತ್ತಿರಲಿಲ್ಲ. ಅವಳು ಉಣ್ಣುವುದನ್ನು ಆ ಮನೆಯಲ್ಲಿ ಯಾರೂ ಕೂತು ನೋಡಿರಲಿಲ್ಲ. ಗಂಜಿ ಎಂದೆ ನಾನು. ಎಡೆಗೆ ಯಾರಾದ್ರೂ ಗಂಜಿ ಇಡ್ತಾರೇನೇ ಹುಚ್ಚಿ, ಎಂದು ನೆಂಟರ ಹೆಂಗಸೊಬ್ಬಳು ನನ್ನನ್ನು ಹೊರಗೆ ಕಳಿಸಿದಳು. ಕೊನೆಗೆ ಎಲ್ಲರಿಗೂ ಇಷ್ಟವಾದದ್ದನ್ನೇ ಮಾಡಿದರು. ಹೋಳಿಗೆ, ಎಣ್ಣೆಯಲ್ಲಿ ಈಜುವ ಬದನೆಕಾಯಿ, ಕೆಂಪು ಖಾರ, ಮೆಣಸಿನಕಾಯಿ ಬಜ್ಜಿ, ಹುಳಿ ಸಾರು. ಅಪ್ಪ ಬೆಳಿಗ್ಗೆಯೇ ಕಾಣೆಯಾಗಿದ್ದವನು ಮಧ್ಯಾಹ್ನಕ್ಕೆ ಬಂದ, ಅಂಗಿ ಒಂದು ಕಡೆ ತೊಯ್ದಿತ್ತು, ಹೆಗಲ ಮೇಲೆ ಕೊಡ. ಮಂಗನ ಜ್ವರದ ಭಯ ಇನ್ನೂ ಹೋಗಿರಲಿಲ್ಲ. ಅಜ್ಜಿಯೇ ಕೊಡ ಒಳಗೆ ತೆಗೆದುಕೊಂಡಳು. ಒಂದು ಲೋಟ ಎಲೆಯ ಪಕ್ಕ ಇಟ್ಟಳು. ಆಮೇಲೆ, ಹೆಂಗಸರೆಲ್ಲ ಕೈಮುಗಿದು ಕಣ್ಣು ಮುಚ್ಚಿದ್ದಾಗ, ಸೆರಗಿನ ಮರೆಯಿಂದ ಒಂದು ಬಟ್ಟಲು ತೆಗೆದು ಎಲೆಯ ಅಂಚಿಗೆ ಸರಿಸಿದಳು. ಮೆತ್ತಗೆ ಬೆಂದ ಅನ್ನ, ಸಪ್ಪೆ ಬೇಳೆ.

“ಉಣ್ಣವ್ವ,” ಎಂದಳು. “ಮೊದಲು ನೀನ ಉಣ್ಣು. ಇನ್ನೂ ಯಾರೂ ಉಂಡಿಲ್ಲ.”

ಆಮೇಲೆ ಎಲೆ ಎತ್ತಿ ಹಸುವಿಗೆ ಹಾಕಿ ಜಾಗ ಬಳಿಯಬೇಕು. ಒಬ್ಬಳು ಸಗಣಿನೀರಿನ ಮಡಕೆ ತಂದಳು. ಅಜ್ಜಿ ಅವಳ ಕೈ ಹಿಡಿದಳು.

“ತಡೀರಿ. ಎಲಿ ಎತ್ತಬ್ಯಾಡ್ರಿ. ಉಂಡ ಮ್ಯಾಲೆ ಅಕಿ ಒಂದೀಟು ಹೊತ್ತು ಕೂತಿರ್ಲಿ.”

ಹಾಗೆ ಅಂದಳೇ? ಅಣ್ಣ ಇಲ್ಲ ಎನ್ನುತ್ತಾನೆ. ಎಲೆಯನ್ನು ಆಗಲೇ ಎತ್ತಿದರು, ಹಸು ಕಾಯುತ್ತಿತ್ತು, ನಮಗೆಲ್ಲ ಹಸಿವಾಗಿತ್ತು, ಅಜ್ಜಿ ಬಾಯಿ ಬಿಡಲಿಲ್ಲ ಎನ್ನುತ್ತಾನೆ. ಅವನು ನನಗಿಂತ ದೊಡ್ಡವನು, ಅವನದೇ ಸರಿಯಿರಬಹುದು. ನಾನೂ ಎಷ್ಟೋ ಸಲ ಈ ಪುಟದಿಂದ ಅಜ್ಜಿಯ ಮಾತನ್ನು ತೆಗೆದು ನೋಡಿದ್ದೇನೆ. ತೆಗೆದರೆ ಮಡಕೆ ಹಿಡಿದವಳು ಒಳಗೆ ಬರುತ್ತಾಳೆ, ಬಗ್ಗುತ್ತಾಳೆ, ನನಗೆ ಬೆನ್ನು ಕಾಣುತ್ತದೆ. ಮತ್ತೆ ಬರೆಯುತ್ತೇನೆ. ನಡುಮನೆಯಲ್ಲಿ ಎಲೆ ಹಾಗೇ ಇದೆ. ಬಿಸಿಲು ಕೊಟ್ಟಿಗೆ ದಾಟಿ ಒಲೆಯ ಬೂದಿಯ ತನಕ ಬಂದಿದೆ. ಯಾರೂ ಇನ್ನೂ ಬಗ್ಗಿಲ್ಲ.